ಕಸ ತಿಂದ ಕರಡಿ ಬಡವಾಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ

ಕಾಶ್ಮೀರ, ಲಡಾಖ್ ಕಡೆ ಸುತ್ತಿ ಬಂದವರು ನನಗೆ ವಿಡಿಯೋ ಕಳಿಸುತ್ತಲೇ ಇರುತ್ತಾರೆ. ಹೋಟೆಲ್ ಹಿಂದಿನ ಕಸದ ಗುಡ್ಡೆ, ಅದರಲ್ಲಿ ಮೂತಿ ಇಟ್ಟ ಹಿಮಾಲಯದ ಕಂದು ಕರಡಿ, ಪಕ್ಕದಲ್ಲಿ ಒಂದು ಮರಿ. ಕೆಳಗೆ ಒಂದೇ ಪ್ರಶ್ನೆ: ‘ಡಾಕ್ಟ್ರೇ, ಪಾಪ, ಇದಕ್ಕೆ ಹೊಟ್ಟೆ ಕೆಡಲ್ವಾ?’

ಕೆಡಬಹುದು. ಆದರೆ ವನ್ಯಜೀವಿ ವೈದ್ಯನಾಗಿ ನನ್ನ ತಲೆಬಿಸಿ ಬೇರೆಯೇ ಇದೆ.

ಮೊದಲು ಈ ಪ್ರಾಣಿಯ ವರ್ಷ ಹೇಗೆ ಸಾಗುತ್ತದೆ ನೋಡಿ. ನಮ್ಮ ದರೋಜಿಯ ಕರಡಿ ಹನ್ನೆರಡು ತಿಂಗಳೂ ಓಡಾಡಿಕೊಂಡಿರುತ್ತದೆ, ಚಳಿಗಾಲಕ್ಕೆ ಮಲಗುವ ಅಭ್ಯಾಸ ಅದಕ್ಕಿಲ್ಲ. (ಪ್ರವಾಸಿಗರಿಗೆ ಕಾಣಲಿ ಅಂತ ಅಲ್ಲಿ ಬಂಡೆಗೆ ಬೆಲ್ಲ ಸವರುತ್ತಾರಲ್ಲ, ಅದರ ಬಗ್ಗೆ ನನಗೆ ತಕರಾರಿದೆ, ಇನ್ನೊಂದು ದಿನ ಬರೆಯುತ್ತೇನೆ.) ಕಂದು ಕರಡಿ ಹಾಗಲ್ಲ. ಹಿಮ ಬಿದ್ದಾಗ ಗುಹೆ ಸೇರಿ ತಿಂಗಳುಗಟ್ಟಲೆ ಊಟ ನೀರು ಇಲ್ಲದೆ ಮಲಗುತ್ತದೆ. ಎದೆಬಡಿತ ನಿಮಿಷಕ್ಕೆ ಹತ್ತರ ಆಸುಪಾಸಿಗೆ ಇಳಿಯುತ್ತದೆ, ಮೈ ಬಿಸಿ ಮಾತ್ರ 32-33 ಡಿಗ್ರಿ ಸೆಲ್ಸಿಯಸ್‌ನಷ್ಟು ಉಳಿದಿರುತ್ತದೆ. ಮೂತ್ರ ಮಾಡುವುದಿಲ್ಲ, ಅದರಲ್ಲಿ ಹೋಗಬೇಕಿದ್ದ ಯೂರಿಯಾವನ್ನೇ ದೇಹ ಮತ್ತೆ ಪ್ರೊಟೀನ್ ಮಾಡಿಕೊಳ್ಳುತ್ತದೆ. ನಾವು ಅಷ್ಟು ದಿನ ಅಲ್ಲಾಡದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಬರುತ್ತದೆ, ಅಲ್ವಾ? ಕರಡಿಗೆ ಆಗುವುದಿಲ್ಲ. ಹೆಪ್ಪುಗಟ್ಟಲು ನೆರವಾಗುವ ಎಚ್‌ಎಸ್‌ಪಿ47 ಎಂಬ ಪ್ರೊಟೀನ್ ಮಲಗಿರುವ ಕರಡಿಯಲ್ಲಿ ತೀರಾ ಕಮ್ಮಿಯಾಗಿರುತ್ತದೆ ಅಂತ ಸ್ವೀಡನ್ನಿನ ಕಾಡು ಕರಡಿಗಳ ರಕ್ತ ಪರೀಕ್ಷಿಸಿದವರು 2023ರಲ್ಲಿ ತೋರಿಸಿದರು.

ಇಷ್ಟೆಲ್ಲ ನಡೆಯುವುದು ಬೇಸಿಗೆ ಕೊನೆಯಲ್ಲಿ (ಅಲ್ಲಿ ಅದು ಸೆಪ್ಟೆಂಬರ್ ಹೊತ್ತಿಗೆ) ಕೂಡಿಟ್ಟ ಕೊಬ್ಬಿನ ಬಲದ ಮೇಲೆ. ಹೆಣ್ಣು ಮೇ-ಜೂನ್ ಹೊತ್ತಿಗೆ ಕೂಡಿದರೂ ಭ್ರೂಣ ಗರ್ಭಕೋಶದ ಗೋಡೆಗೆ ಕಚ್ಚಿಕೊಳ್ಳುವುದು ನವೆಂಬರ್ ಹೊತ್ತಿಗೆ. ಅಲ್ಲಿವರೆಗೆ ಸುಮ್ನೆ ತೇಲುತ್ತಿರುತ್ತದೆ. ಕೊಬ್ಬು ಸಾಲದಿದ್ದರೆ ಬಸಿರು ಮುಂದುವರಿಯುವುದಿಲ್ಲ. ಅಮೆರಿಕದಲ್ಲಿ ಸಾಕಿದ ಕಂದು ಕರಡಿಗಳನ್ನು ಗಮನಿಸಿದಾಗ, ಮಲಗುವ ಮುಂಚೆ ಮೈಯಲ್ಲಿ ಶೇ 20ಕ್ಕಿಂತ ಕಮ್ಮಿ ಕೊಬ್ಬಿದ್ದ ಹೆಣ್ಣುಗಳು ಮರಿಯನ್ನೇ ಹಾಕಲಿಲ್ಲ.

ಹಿಮಾಲಯದ ಎತ್ತರದಲ್ಲಿ ಅಷ್ಟು ಕೊಬ್ಬು ಎಲ್ಲಿಂದ ಬರಬೇಕು? ಅಲಾಸ್ಕದ ಹಾಗೆ ಹೊಳೆ ತುಂಬ ಸಾಲ್ಮನ್ ಮೀನಿಲ್ಲ. ಹಿಕ್ಕೆ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಅದನ್ನು ನೆನೆಸಿ ಜರಡಿಗೆ ಹಾಕಿ ನೀರು ಬಿಟ್ಟರೆ ಮೊದಲು ಹಸಿರು ನೀರು ಇಳಿದುಹೋಗುತ್ತದೆ, ಉಳಿಯುವುದು ಹುಲ್ಲಿನ ನಾರು, ಬೇರಿನ ಚೂರು, ಮಣ್ಣು, ಒಮ್ಮೊಮ್ಮೆ ಬಿಲ ಅಗೆದು ಹಿಡಿದ ಮಾರ್ಮೋಟ್‌ನ (ನೆಲದಲ್ಲಿ ಬಿಲ ತೋಡಿ ಬದುಕುವ ದೊಡ್ಡ ಅಳಿಲು) ಕೂದಲು. ಹೌದು, ಇಷ್ಟು ದೊಡ್ಡ ಪ್ರಾಣಿ ದನದ ಹಾಗೆ ಹುಲ್ಲು ಮೇಯುತ್ತದೆ. ಕಸಕ್ಕೆ ಬಂದ ಕರಡಿಯದಾದರೆ ಜರಡಿಗೆಲ್ಲ ಜಿಡ್ಡು. ಕಾಶ್ಮೀರದ ಪ್ರವಾಸಿ ತಾಣ ಸೋನಾಮಾರ್ಗ್ ಸುತ್ತ ಹೀಗೆ ಹಿಕ್ಕೆ ಕೂಡಿಸಿದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರಿಗೆ (ಬನ್ನೇರುಘಟ್ಟದ ಕರಡಿ ಕೇಂದ್ರ ನಡೆಸುವವರೂ ಇವರೇ) ಪ್ಲಾಸ್ಟಿಕ್ ಚೀಲ, ಹಾಲಿನ ಪುಡಿಯ ಪ್ಯಾಕೆಟ್, ಚಾಕೊಲೇಟ್ ಕವರು ಎಲ್ಲ ಸಿಕ್ಕಿವೆ.

ಈಗ ನಿಮಗೆ ಅನ್ನಿಸಬಹುದು, ಕಸದಲ್ಲಿ ಸಿಕ್ಕ ಬಿರಿಯಾನಿ ತಿಂದರೆ ಕೊಬ್ಬು ಜಾಸ್ತಿಯಾಗುತ್ತದಲ್ಲ, ಒಳ್ಳೆಯದೇ ಆಯಿತಲ್ಲ? ಆಗುತ್ತದೆ ನಿಜ. ಕಸದ ಕರಡಿ ನೋಡಲು ದುಂಡಗೆ, ಹೊಳಪಾಗಿಯೇ ಇರಬಹುದು. ಆದರೆ ಯುರೋಪಿನ ಸ್ಲೊವೇನಿಯಾದಲ್ಲಿ ಜನ ಹಾಕುವ ಜೋಳ ಸಿಗುವ ಕರಡಿಗಳು ಚಳಿಗಾಲದಲ್ಲಿ ಮಲಗುವ ದಿನಗಳನ್ನೇ ಕಡಿಮೆ ಮಾಡಿಕೊಂಡಿದ್ದು ಕಂಡುಬಂದಿದೆ. ಅಂದರೆ ಜನರ ನಡುವೆ ಓಡಾಡುವ ದಿನ ಹೆಚ್ಚಾಯಿತು. ಜೊತೆಗೆ ಮರಿ ತಾಯಿಯನ್ನು ನೋಡಿ ಕಲಿಯುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ಊರಿಗೆ ನುಗ್ಗುವ ಕರಡಿಗಳ ಡಿಎನ್‌ಎ ಹೋಲಿಸಿದಾಗ, ಈ ಚಾಳಿ ಬರುವುದು ಜೊತೆಯಲ್ಲಿ ಬೆಳೆಸಿದ ತಾಯಿಯಿಂದ, ಮರಿಯ ಮುಖ ನೋಡದ ಅಪ್ಪನಿಂದ ಅಲ್ಲ ಅಂತ ಗೊತ್ತಾಯಿತು.

ಹೀಗೆ ಭಯ ಬಿಟ್ಟ ಕರಡಿ ಸಾಯುವುದು ಜನರಿಂದ. 2019ರಲ್ಲಿ ಕಾರ್ಗಿಲ್ ಕಡೆಯ ದ್ರಾಸ್‌ನ ವಿಡಿಯೋ ನೀವು ನೋಡಿರಬಹುದು: ಕಡಿದಾದ ಬಂಡೆ ಹತ್ತುತ್ತಿರುವ ಕರಡಿಗೆ ಜನ ಕಲ್ಲು ಹೊಡೆಯುತ್ತಾರೆ, ಅದು ಜಾರಿ ಜಾರಿ ನದಿಗೆ ಬೀಳುತ್ತದೆ. ಕುರಿ ಕಳೆದುಕೊಂಡವನ, ರಾತ್ರಿ ಅಡುಗೆಮನೆ ಬಾಗಿಲು ಮುರಿಸಿಕೊಂಡವನ ಸಿಟ್ಟನ್ನು ಬೆಂಗಳೂರಿನಲ್ಲಿ ಕೂತು ತೀರ್ಪು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಲೆಕ್ಕ ನೋಡಿ. ಗಡಿಯಾಚೆ ದೇವಸಾಯಿ ಬಯಲಿನಲ್ಲಿ ಇದೇ ಕರಡಿಯನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಅಲ್ಲಿ ಹೆಣ್ಣು ಮೊದಲ ಮರಿ ಹಾಕುವುದು ಎಂಟು ವರ್ಷ ದಾಟಿದ ಮೇಲೆ, ಮುಂದಿನ ಸೂಲಿಗೆ ಸರಾಸರಿ 5.7 ವರ್ಷದ ಅಂತರ, ಹೆಚ್ಚಾಗಿ ಸೂಲಿಗೆ ಒಂದೇ ಮರಿ, ಕೆಲವೊಮ್ಮೆ ಎರಡು. ಭಾರತದಲ್ಲಿ ಒಟ್ಟು ಸಾವಿರವೂ ಇಲ್ಲ ಅನ್ನುವ ಅಂದಾಜಿರುವಾಗ ಒಂದು ತಾಯಿ ಹೋದರೆ ಎಷ್ಟು ವರ್ಷ ಹಿಂದೆ ಬಿದ್ದೆವು?

‘ಮತ್ತೆ ಮದ್ದು ಕೊಟ್ಟು ಹಿಡಿದು ದೂರ ಬಿಟ್ಟು ಬನ್ನಿ’ ಅನ್ನುತ್ತಾರೆ. ಅರಿವಳಿಕೆ ಕೊಡುವುದು ನನ್ನ ಕೆಲಸವೇ, ಆದರೂ ಇದು ನನ್ನ ಕಡೇ ಆಯ್ಕೆ. ಕಂದು ಕರಡಿ ನೂರಾರು ಕಿಲೋಮೀಟರ್ ಆಚೆಯಿಂದಲೂ ವಾಪಸ್ ಬಂದದ್ದುಂಟು. ಬರದಿದ್ದರೆ ಹೊಸ ಊರಿನ ಕಸ ಹುಡುಕುತ್ತದೆ.

ಉಳಿಯುವುದು ಕಸಕ್ಕೇ ಬೀಗ ಹಾಕುವುದು. ಅದರಲ್ಲೂ ಆತುರ ಬೇಡ. ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ದಶಕಗಳ ಕಾಲ ಕರಡಿಗಳು ತಿಪ್ಪೆ ತಿಂದು ಬೆಳೆದಿದ್ದವು. ನಿಧಾನವಾಗಿ ಮುಚ್ಚಿ ಅಂತ ಅವುಗಳನ್ನು ಅಧ್ಯಯನ ಮಾಡುತ್ತಿದ್ದ ಕ್ರೇಗ್‌ಹೆಡ್ ಸಹೋದರರು ಹೇಳಿದರು, ಪಾರ್ಕಿನವರು ಕೇಳದೆ 1970ರ ಸುಮಾರಿಗೆ ಬೇಗಬೇಗ ಮುಚ್ಚಿದರು. ಹಸಿದ ಕರಡಿಗಳು ಟೆಂಟ್‌ಗಳಿಗೆ ನುಗ್ಗಿದವು, ತುಂಬಾ ಸತ್ತವು, 1975ರಲ್ಲಿ ಅವನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಕರಡಿಗೆ ತೆಗೆಯಲು ಬಾರದ ಕಸದ ಡಬ್ಬಿ, ಬಿಗಿ ನಿಯಮ ಎಲ್ಲ ಬಂದ ಮೇಲೆ ನಿಧಾನಕ್ಕೆ ಚೇತರಿಸಿಕೊಂಡವು, ಈಗ ಆ ಸೀಮೆಯಲ್ಲಿ ಸಾವಿರದ ಹತ್ತಿರ ಇವೆ.

ಸೋನಾಮಾರ್ಗ್‌ನಂಥ ಕಡೆ ಯಾರಾದರೂ ನನ್ನನ್ನು ಕೇಳಿದರೆ, ಬೇಲಿ ಹಾಕುವುದು, ಕಸ ದಿನದಿನ ಸಾಗಿಸುವುದು ಇದನ್ನೆಲ್ಲ ವಸಂತದಲ್ಲೇ ಶುರು ಮಾಡಿ ಅನ್ನುತ್ತೇನೆ. ಆಗ ಎಳೆ ಹುಲ್ಲು ಬಂದಿರುತ್ತದೆ, ಪ್ರವಾಸಿಗರೂ ಕಮ್ಮಿ. ಸೆಪ್ಟೆಂಬರಿನಲ್ಲಿ, ಕರಡಿಗೆ ಹಗಲು ರಾತ್ರಿ ತಿನ್ನುವ ಹುಚ್ಚು ಹತ್ತಿರುವಾಗ ತಿಪ್ಪೆಗೆ ಗೇಟ್ ಹಾಕಿದರೆ ಅದು ಸೀದಾ ಪಕ್ಕದ ಮನೆಯ ಅಡುಗೆಮನೆಗೇ ಬರುತ್ತದೆ.