ಪ್ರಿಂಟರ್ ಕೆಟ್ಟಿರಲಿಲ್ಲ, ವಿಳಾಸ ತಪ್ಪಿತ್ತು

ಕಳೆದ ಆಷಾಢದಲ್ಲಿ ಕೊಡಗಿನ ಶಾಂತಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಕಾಫಿ ತೋಟದಲ್ಲಿ ಒಂದು ಪ್ರಿಂಟರ್ ವಾಸ್ತುವಿನಿಂದ ಸರಿಹೋಯಿತು. ಮನೆಯವರೆಲ್ಲ ಹಾಗೆಂದೇ ನಂಬಿದ್ದರು.

ಮಳೆಗಾಲದಲ್ಲಿ ಅಲ್ಲಿ ಕರೆಂಟು ದಿನಕ್ಕೆ ಏಳೆಂಟು ಸಲ ಹೋಗಿ ಬರುತ್ತದೆ. ಬಂದಾಗಲೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ‘ಪ್ರಿಂಟರ್ ಆಫ್‌ಲೈನ್’ ಎಂಬ ಬರಹ. ಸೋಮವಾರದ ಸಂತೆಗೆ ಮುಂಚೆ ಬಟವಾಡೆ ಆಗಬೇಕು, ಬಟವಾಡೆಗೆ ಚೆಕ್‌ರೋಲ್, ಅಂದರೆ ಕೂಲಿಯ ಲೆಕ್ಕಪಟ್ಟಿ, ಅಚ್ಚಾಗಬೇಕು. ಲೆಕ್ಕ ನೋಡಿಕೊಳ್ಳುವ ತೋಟದ ರೈಟರ್ ಸಂಜೆಯವರೆಗೂ ಕಾದು ಕೊನೆಗೆ ಕೈಯಲ್ಲೇ ಬರೆಯುತ್ತಿದ್ದರು. ಮನೆಗೆ ಬಂದಿದ್ದ ವಾಸ್ತು ಬಲ್ಲವರೊಬ್ಬರು ನೋಡಿ, ವಿದ್ಯುತ್ ಯಂತ್ರ ವಾಯವ್ಯದಲ್ಲಿ ಕೂತಿದೆ, ಅದರ ಜಾಗ ಅಗ್ನಿಮೂಲೆ ಎಂದರು. ಪ್ರಿಂಟರನ್ನೂ ಅದನ್ನು ನೆಟ್‌ವರ್ಕಿಗೆ ಜೋಡಿಸಲು ಬೆನ್ನಿಗಿದ್ದ ಅಂಗೈಯಗಲದ ಪ್ರಿಂಟ್ ಸರ್ವರ್ ಪೆಟ್ಟಿಗೆಯನ್ನೂ ಎತ್ತಿ ತಂದು ಆಗ್ನೇಯದ ಮೂಲೆಯಲ್ಲಿಟ್ಟು ಪ್ಲಗ್ ಹಾಕಿದರು. ಹಾಳೆಗಳು ಸರಾಗವಾಗಿ ಹೊರಬಂದವು. ಮರುದಿನ ಮತ್ತೆ ಕರೆಂಟು ಹೋಯಿತು, ಮತ್ತೆ ಆಫ್‌ಲೈನ್. ಈ ಸಲ ಪ್ರಿಂಟರಿನ ಮುಖ ಪೂರ್ವಕ್ಕೆ ತಿರುಗಬೇಕಿತ್ತು ಎಂಬ ವಿವರಣೆ ಬಂತು. ತಿರುಗಿಸಿ ಪ್ಲಗ್ ಹಾಕಿದರು, ಮತ್ತೆ ಸರಿಹೋಯಿತು.

ನನ್ನ ಕಳವಳ ಇಲ್ಲಿಯೇ. ಪರಿಹಾರ ಫಲಿಸದಿದ್ದರೆ ಜನ ಬೇರೆ ಕಾರಣ ಹುಡುಕುತ್ತಾರೆ. ಫಲಿಸಿದಂತೆ ಕಂಡರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ದೊಡ್ಡಪ್ಪ ಸುಮ್ಮನೆ ನಂಬುವವರಲ್ಲ; ಕಾಫಿಗೆ ಬೋರರ್ ಹುಳ ಬಿದ್ದರೆ ಕಾಂಡವನ್ನು ಸೀಳಿ ನೋಡುವವರು. ಪ್ರಿಂಟರನ್ನು ಸೀಳಿ ನೋಡಲು ಅವರಿಗೆ ದಾರಿ ಗೊತ್ತಿರಲಿಲ್ಲ, ಅಷ್ಟೆ. ಆ ದಾರಿಯನ್ನು ತೋರಿಸಲು ಹೊರಟಿದ್ದೇನೆ.

ಪ್ರಿಂಟ್ ಸರ್ವರ್ ಏನು ಮಾಡುತ್ತದೆ ಎಂಬುದನ್ನು ಕಾಫಿ ಕೊಯ್ಲಿನ ಸಂಜೆ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಹಣ್ಣು ಕೊಯ್ದವರು ಚೀಲ ಹೊತ್ತು ತರುತ್ತಾರೆ, ತೂಕವಾಗುತ್ತದೆ, ರೈಟರ್ ಬರೆದುಕೊಳ್ಳುತ್ತಾರೆ, ಕೊಯ್ದವರು ಮನೆಗೆ ಹೋಗುತ್ತಾರೆ. ಪಲ್ಪರ್ ರಾತ್ರಿಯವರೆಗೆ ತನ್ನ ವೇಗದಲ್ಲಿ ಸಿಪ್ಪೆ ಬಿಡಿಸುತ್ತಿರುತ್ತದೆ. ಪ್ರತಿಯೊಬ್ಬರೂ ತಮ್ಮ ಚೀಲದ ಹಣ್ಣು ಪಲ್ಪರ್ ದಾಟುವವರೆಗೆ ಕಾಯುವುದಾದರೆ ನಾಳೆಯ ಕೊಯ್ಲು ನಿಂತೀತು. ಕಂಪ್ಯೂಟರಿನ ಭಾಷೆಯಲ್ಲಿ ಇದಕ್ಕೆ ಸ್ಪೂಲಿಂಗ್ ಎನ್ನುತ್ತಾರೆ: ವೇಗದ ಕಂಪ್ಯೂಟರ್ ತನ್ನ ಕೆಲಸವನ್ನು ಸಾಲಿನಲ್ಲಿಟ್ಟು ಹೊರಟುಹೋಗುತ್ತದೆ, ನಿಧಾನದ ಪ್ರಿಂಟರ್ ಒಂದೊಂದಾಗಿ ಎತ್ತಿಕೊಳ್ಳುತ್ತದೆ. ದೊಡ್ಡ ಕಚೇರಿಗಳಲ್ಲಿ ಈ ಸಾಲು ಪ್ರಿಂಟ್ ಸರ್ವರಿನಲ್ಲೇ ಇರುತ್ತದೆ. ಮನೆಬಳಕೆಯ ಸಣ್ಣ ಪೆಟ್ಟಿಗೆಯಲ್ಲಿ ಅಷ್ಟು ಜಾಗವಿಲ್ಲ. ಸಾಲು ಕಂಪ್ಯೂಟರಿನಲ್ಲೇ ಉಳಿದು, ಪೆಟ್ಟಿಗೆ ನೆಟ್‌ವರ್ಕ್ ಕೇಬಲಿನಲ್ಲಿ ಬಂದದ್ದನ್ನು ಯುಎಸ್‌ಬಿ ತಂತಿಗೆ ದಾಟಿಸುತ್ತದೆ.

ಕಂಪ್ಯೂಟರ್ ನೆಟ್‌ವರ್ಕ್ ಮೊದಲು ಬಂತು, ಪ್ರಿಂಟರ್ ಆಮೇಲೆ ಅದಕ್ಕೆ ಸೇರಿಕೊಂಡಿತು ಎಂದು ಹಲವರು ತಿಳಿದಿದ್ದಾರೆ. ಈಗ ಕಚೇರಿಗಳ ಗೋಡೆಯಲ್ಲಿರುವ, ಕಂಪ್ಯೂಟರುಗಳನ್ನು ತಂತಿಯಿಂದ ಬೆಸೆಯುವ ಈಥರ್ನೆಟ್ ಜಾಲದ ಕಥೆಯೇ ಬೇರೆ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಕಂಪನಿಯ ‘ಪಾರ್ಕ್’ ಪ್ರಯೋಗಾಲಯದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಪ್ರಿಂಟರ್ ಕಟ್ಟಿದ್ದರು. ಇಂಚಿಗೆ 500 ಚುಕ್ಕೆ, ಸೆಕೆಂಡಿಗೆ ಒಂದು ಪುಟ. ಇಂಥ ದೈತ್ಯವನ್ನು ಒಬ್ಬರ ಮೇಜಿಗೆ ಕಟ್ಟಿಹಾಕಲಾಗದು, ಪ್ರಯೋಗಾಲಯದ ಎಲ್ಲ ಕಂಪ್ಯೂಟರುಗಳೂ ಅದನ್ನು ಮುಟ್ಟಬೇಕು. ಅಲ್ಲಿಯೇ ಇದ್ದ ರಾಬರ್ಟ್ ಮೆಟ್‌ಕಾಫ್ 1973ರ ಮೇ 22ರಂದು ಬರೆದ ಟಿಪ್ಪಣಿಯಿಂದ ಹುಟ್ಟಿದ ಈಥರ್ನೆಟ್‌ನ ಮುಂದಿದ್ದ ಮುಖ್ಯ ಕೆಲಸಗಳಲ್ಲಿ ಇದೂ ಒಂದು. ಆ ಜಾಲದ ವೇಗ ಸೆಕೆಂಡಿಗೆ 29.4 ಲಕ್ಷ ಬಿಟ್. ಪುಟವೊಂದರ ಚುಕ್ಕೆಗಳೋ, ಚುಕ್ಕೆಗೆ ಒಂದೇ ಬಿಟ್ ಎಂದರೂ, ಎರಡು ಕೋಟಿಗೂ ಹೆಚ್ಚು. ಅಷ್ಟನ್ನೂ ತಂತಿಯಲ್ಲಿ ತುರುಕುವ ಬದಲು ಯಾವ ಅಕ್ಷರ ಎಲ್ಲಿ ಕೂರಬೇಕು ಎಂಬುದನ್ನಷ್ಟೇ ಕಳುಹಿಸಿ, ಅಕ್ಷರವನ್ನು ಚುಕ್ಕೆಯಾಗಿಸುವ ಯಂತ್ರವನ್ನು ಪ್ರಿಂಟರಿನ ಪಕ್ಕದಲ್ಲೇ ಇಟ್ಟರು.

ಇದನ್ನು ಓದುವಾಗ ನನಗೆ ನಮ್ಮ ಜಿಲ್ಲೆಯದೇ ಒಂದು ಸಂಗತಿ ನೆನಪಾಗುತ್ತದೆ. ಮಡಿಕೇರಿಯಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದ ಜಿ. ರಿಕ್ಟರ್ ಕೊಡಗಿನ ಬಗ್ಗೆ ಬರೆದ ಇಂಗ್ಲಿಷ್ ಕೈಪಿಡಿ 1870ರಲ್ಲಿ ಪ್ರಕಟವಾದದ್ದು ಮಂಗಳೂರಿನಿಂದ, ಬಾಸೆಲ್ ಮಿಷನ್‌ನವರ ಮೂಲಕ. ಬರಹ ಘಟ್ಟ ಇಳಿಯಿತು, ಅಚ್ಚಿನ ಸೀಸದ ಮೊಳೆಗಳು ಘಟ್ಟ ಹತ್ತಲಿಲ್ಲ. ಹಗುರವಾದದ್ದು ಪ್ರಯಾಣ ಮಾಡಬೇಕು, ಭಾರವಾದದ್ದು ಯಂತ್ರದ ಬಳಿಯೇ ಇರಬೇಕು. 1985ರಲ್ಲಿ ಆಪಲ್ ಕಂಪನಿಯ ಲೇಸರ್‌ರೈಟರ್ ಬಂದಾಗಲೂ ಇದೇ ಲೆಕ್ಕ. ಅದರ ಬೆಲೆ 6,995 ಡಾಲರ್. ನಾಲ್ಕಾರು ಕಂಪ್ಯೂಟರುಗಳು ಹಂಚಿಕೊಂಡರಷ್ಟೇ ಗಿಟ್ಟುತ್ತಿತ್ತು. ಪುಟವನ್ನು ವರ್ಣಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯನ್ನು ಅರ್ಥಮಾಡಿಕೊಳ್ಳುವ ಬುದ್ಧಿ ಪ್ರಿಂಟರಿನೊಳಗೇ ಇತ್ತು.

ಇನ್ನು ವಿಳಾಸಕ್ಕೆ ಬರೋಣ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಮನೆಯ ನೆಟ್‌ವರ್ಕಿನಲ್ಲಿ ಪ್ರತಿಯೊಂದು ಉಪಕರಣಕ್ಕೂ 192.168.1.7 ಎಂಬಂಥ ಒಂದು ಸಂಖ್ಯೆ ಬೇಕು. ಅದನ್ನು ಹಂಚುವುದು ರೌಟರ್, ಅಂದರೆ ಮನೆಯ ಉಪಕರಣಗಳನ್ನೆಲ್ಲ ಜೋಡಿಸುವ ಯಂತ್ರ. ಹಂಚುವ ಪದ್ಧತಿಯ ಹೆಸರು ಡಿಎಚ್‌ಸಿಪಿ. ಮೊದಲ ರೂಪ 1993ರದು, ಈಗ ಬಳಕೆಯಲ್ಲಿರುವ ರೂಪ 1997ರದು. ಕೊಯ್ಲಿನ ಕಾಲಕ್ಕೆ ಹೊಸ ಕುಟುಂಬವೊಂದು ತೋಟಕ್ಕೆ ಬಂದಿತೆನ್ನಿ. ಯಾರನ್ನು ಕೇಳಬೇಕೆಂದು ಗೊತ್ತಿಲ್ಲದೆ ಅಂಗಳದಲ್ಲಿ ನಿಂತು, ‘ಇರಲು ಜಾಗ ಕೊಡುವವರು ಯಾರು?’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ರೈಟರ್ ಹೊರಗೆ ಬಂದು, ‘ಲೈನ್ ಮನೆಯ ಏಳನೆಯ ಕೋಣೆ ಖಾಲಿ ಇದೆ’ ಎನ್ನುತ್ತಾರೆ. ‘ಹಾಗಾದರೆ ಏಳನೆಯದನ್ನೇ ತೆಗೆದುಕೊಳ್ಳುತ್ತೇವೆ’ ಎನ್ನುತ್ತದೆ ಕುಟುಂಬ. ‘ಆಗಲಿ, ಬರೆದುಕೊಂಡೆ, ಈ ಕೊಯ್ಲು ಮುಗಿಯುವವರೆಗೆ’ ಎನ್ನುತ್ತಾರೆ ರೈಟರ್. ಕೂಗು, ಕೊಡುಗೆ, ಒಪ್ಪಿಗೆ, ದಾಖಲೆ. ಪೆಟ್ಟಿಗೆಗೂ ರೌಟರಿಗೂ ನಡೆಯುವುದು ಈ ನಾಲ್ಕೇ ಮಾತು, ಕಣ್ಣು ಮಿಟುಕಿಸುವಷ್ಟರಲ್ಲಿ. ‘ಕೊಯ್ಲು ಮುಗಿಯುವವರೆಗೆ’ ಎಂಬುದನ್ನು ಮರೆಯಬೇಡಿ: ಸಂಖ್ಯೆ ಸ್ವಂತದ್ದಲ್ಲ, ಗೇಣಿಗೆ ಬಂದದ್ದು.

ಕರೆಂಟು ಹೋದರೆ ಇಲ್ಲಿ ಎರಡು ಬಗೆಯ ಎಡವಟ್ಟು ಆಗುತ್ತದೆ. ಅನೇಕ ರೌಟರುಗಳು ಯಾರಿಗೆ ಯಾವ ಸಂಖ್ಯೆ ಕೊಟ್ಟೆನೆಂಬ ಪಟ್ಟಿಯನ್ನು ಅಳಿಸಿಹೋಗುವ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತವೆ. ರೈಟರ್ ಪುಸ್ತಕ ನೀರಿಗೆ ಬಿದ್ದಂತೆ. ಮತ್ತೆ ಕರೆಂಟು ಬಂದಾಗ ಏಳನೆಯ ಕೋಣೆ ಯಾರದೋ ಮೊಬೈಲಿಗೆ ಹೋಗಿ, ಪ್ರಿಂಟ್ ಸರ್ವರಿಗೆ ಹನ್ನೊಂದನೆಯದು ಸಿಗಬಹುದು. ಕಂಪ್ಯೂಟರ್ ಮಾತ್ರ ಹಳೆಯ ಚೀಟಿ ಹಿಡಿದು ಏಳನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಎರಡನೆಯದು ಇನ್ನೂ ಸ್ವಾರಸ್ಯಕರ. ದೊಡ್ಡಪ್ಪನ ಮನೆಯಲ್ಲಿ ಆಗುತ್ತಿದ್ದುದೂ ಅದೇ. ಕರೆಂಟು ಬಂದ ಕ್ಷಣ ಎಲ್ಲ ಯಂತ್ರಗಳೂ ಒಟ್ಟಿಗೆ ಏಳುತ್ತವೆ. ಪ್ರಿಂಟ್ ಸರ್ವರಿಗೆ ಏಳಲು ಹತ್ತು ಸೆಕೆಂಡ್ ಸಾಕು. ರೌಟರಿಗೆ ಒಂದೂವರೆ ನಿಮಿಷ ಬೇಕು. ಪೆಟ್ಟಿಗೆ ಎದ್ದು ಅಂಗಳದಲ್ಲಿ ನಿಂತು ಕೂಗುತ್ತದೆ. ರೈಟರ್ ಇನ್ನೂ ಮಲಗಿದ್ದಾರೆ. ಉತ್ತರ ಬರದಾಗ ಏನು ಮಾಡಬೇಕೆಂಬುದಕ್ಕೂ ಒಂದು ನಿಯಮವಿದೆ: 169.254 ಎಂದು ಶುರುವಾಗುವ ಯಾವುದಾದರೊಂದು ಸಂಖ್ಯೆಯನ್ನು ತಾನೇ ಆರಿಸಿಕೊಳ್ಳಬೇಕು. ಕೋಣೆ ಸಿಗದ ಕುಟುಂಬ ಗದ್ದೆಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡಂತೆ. ಅಲ್ಲಿ ಅದು ಕ್ಷೇಮವಾಗಿದೆ, ಆದರೆ ಲೈನ್ ಮನೆಯಲ್ಲಿ ಹುಡುಕುವವರಿಗೆ ಸಿಗುವುದಿಲ್ಲ. ಒಳ್ಳೆಯ ಉಪಕರಣಗಳು ಆಮೇಲೂ ಆಗಾಗ ಕೂಗಿ ಕೇಳುತ್ತಿರುತ್ತವೆ. ನಮ್ಮ ಪೆಟ್ಟಿಗೆ ಕೇಳುತ್ತಿರಲಿಲ್ಲ.

ಈಗ ವಾಸ್ತುವಿನ ಗುಟ್ಟು ಬಿಚ್ಚಿಕೊಳ್ಳುತ್ತದೆ. ಪ್ರಿಂಟರನ್ನು ಎತ್ತಿ ಆಗ್ನೇಯಕ್ಕೆ ತಂದು ಪ್ಲಗ್ ಹಾಕುವ ಹೊತ್ತಿಗೆ ರೌಟರ್ ಎದ್ದು ಎಷ್ಟೋ ಹೊತ್ತಾಗಿತ್ತು. ಈ ಸಲ ಕೂಗಿಗೆ ಉತ್ತರ ಸಿಕ್ಕಿತು. ಮುಖ ಪೂರ್ವಕ್ಕೆ ತಿರುಗಿಸಿದಾಗಲೂ ಪ್ಲಗ್ ತೆಗೆದು ಹಾಕಿದ್ದರು. ಫಲ ಕೊಟ್ಟದ್ದು ಪ್ಲಗ್, ಹೆಸರು ಬಂದದ್ದು ದಿಕ್ಕಿಗೆ.

ಸಂಖ್ಯೆ ಬದಲಾಗುವ ತೊಂದರೆಗೆ ಸೊಗಸಾದ ಒಂದು ಉತ್ತರವಿದೆ, ಕೊಡಗಿನಲ್ಲಿ ಬೆಳೆದವರಿಗೆ ಅದು ಥಟ್ಟನೆ ಹೊಳೆಯಬೇಕು. ಕೊಡವರಲ್ಲಿ ವ್ಯಕ್ತಿಯ ಹೆಸರಿಗೂ ಮೊದಲು ಮನೆಪೆದ, ಅಂದರೆ ಒಕ್ಕದ (ಒಂದೇ ಮೂಲದ ದೊಡ್ಡ ಕುಟುಂಬದ) ಹೆಸರು ಬರುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರ ಮೊದಲ ‘ಕೆ’ಯೂ ಕೊಡಂದೇರ ಎಂಬ ಒಂದೇ ಮನೆಪೆದ. ಪಂಚಾಯಿತಿಯವರು ಬಾಗಿಲಿಗೆ ಬರೆದ ನಂಬರ್ ಎಷ್ಟು ಸಲ ಬದಲಾದರೂ ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ಹೆಸರು ಹೇಳಿದರೆ ಊರಿನವರು ದಾರಿ ತೋರಿಸುತ್ತಾರೆ. ಇತ್ತೀಚಿನ ಪ್ರಿಂಟರುಗಳು ಮಾಡುವುದೂ ಇದನ್ನೇ. ಕಂಪ್ಯೂಟರ್ 224.0.0.251 ಎಂಬ ಗುಂಪು ವಿಳಾಸಕ್ಕೆ ‘ಇಂಥ ಹೆಸರಿನ ಪ್ರಿಂಟರ್ ಎಲ್ಲಿದೆ?’ ಎಂದು ಕೇಳುತ್ತದೆ. ಆ ಹೆಸರಿನದು ಮಾತ್ರ ‘ನಾನು ಇವತ್ತು ಈ ಸಂಖ್ಯೆಯಲ್ಲಿದ್ದೇನೆ’ ಎಂದು ಓಗೊಡುತ್ತದೆ. 2002ರಲ್ಲಿ ಆಪಲ್ ಇದನ್ನು ಬಳಕೆಗೆ ತಂದಿತು, 2013ರಲ್ಲಿ ಅಂತರ್ಜಾಲದ ನಿಯಮಾವಳಿಗೆ ಸೇರಿತು. ಮೊಬೈಲಿನಿಂದ ನೇರ ಪ್ರಿಂಟ್ ಕೊಡುವಾಗ ನೀವು ಯಾವ ಸಂಖ್ಯೆಯನ್ನೂ ಒತ್ತದಿರುವುದು ಇದರ ಕೃಪೆಯಿಂದ. ದೊಡ್ಡಪ್ಪನ ಹಳೆಯ ಪೆಟ್ಟಿಗೆಗೆ ಈ ವಿದ್ಯೆ ಬಾರದು.

ಹಾಗಾಗಿ ನಾವು ಸೀಳಿ ನೋಡಿದೆವು. ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಚಿಕ್ಕ ಗುಂಡಿ ಇದೆ. ಒತ್ತಿದರೆ ತನ್ನ ವಿವರಗಳ ಪುಟವೊಂದನ್ನು ಪ್ರಿಂಟರಿನಿಂದ ಹೊರಗೆ ಹಾಕಿಸುತ್ತದೆ. ಪರದೆಯ ಮೇಲೆ ‘ಆಫ್‌ಲೈನ್’ ಎಂದಿರುವಾಗಲೇ ಒತ್ತಿದೆ. ಪ್ರಿಂಟರ್ ಗುರುಗುಟ್ಟಿ ಹಾಳೆ ನೀಡಿತು. ಮೂರನೆಯ ಸಾಲಿನಲ್ಲಿ 169.254 ಎಂದು ಶುರುವಾಗುವ ಸಂಖ್ಯೆ. ಕೆಟ್ಟಿದೆ ಎಂದು ಎಲ್ಲರೂ ಹೇಳುತ್ತಿದ್ದ ಯಂತ್ರ ತಾನಿರುವ ಜಾಗವನ್ನು ತಾನೇ ಅಚ್ಚುಹಾಕಿ ಕೊಟ್ಟಿತ್ತು. ದೊಡ್ಡಪ್ಪ ಆ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತಿದ್ದರು.

ಆಮೇಲೆ ಪರೀಕ್ಷೆ. ಆಗ್ನೇಯದಲ್ಲಿಟ್ಟು ಮೇನ್ ಸ್ವಿಚ್ ಇಳಿಸಿ ಏರಿಸಿದೆವು: ಆಫ್‌ಲೈನ್. ವಾಯವ್ಯಕ್ಕೆ ಒಯ್ದು, ರೌಟರ್ ಎದ್ದಿರುವಾಗ ಪ್ಲಗ್ ಹಾಕಿದೆವು: ಅಚ್ಚಾಯಿತು. ಅಲ್ಲಿಯೇ ಮತ್ತೆ ಮೇನ್ ಇಳಿಸಿದೆವು: ಆಫ್‌ಲೈನ್. ಎರಡೂ ಮೂಲೆಗಳಲ್ಲಿ ಮೂರು ಮೂರು ಸಲ ಮಾಡಿದೆವು. ಒಮ್ಮೆಯೂ ದಿಕ್ಕು ಫಲವನ್ನು ಬದಲಿಸಲಿಲ್ಲ. ನಮ್ಮ ರೌಟರ್ 2ರಿಂದ 199ರವರೆಗಿನ ಸಂಖ್ಯೆಗಳನ್ನು ಹಂಚುತ್ತಿತ್ತು. ಅದರ ಆಚೆಗಿನ 192.168.1.250 ಅನ್ನು ಪೆಟ್ಟಿಗೆಯೊಳಗೇ ಕಾಯಂ ಆಗಿ ಬರೆದು, ಕಂಪ್ಯೂಟರಿಗೂ ಅದನ್ನೇ ಹೇಳಿದೆವು. ರೌಟರಿನಲ್ಲಿ ಸಂಖ್ಯೆ ಕಾದಿರಿಸುವುದು ಬೇರೆ ಉಪಾಯ. ರೌಟರೇ ಏಳದಿರುವಾಗ ಅದು ಕೆಲಸಕ್ಕೆ ಬಾರದು. ಮೇನ್ ಇಳಿಸಿ ಏರಿಸಿ ಮತ್ತೆ ನೋಡಿದೆವು. ಎರಡೂ ಮೂಲೆಗಳಲ್ಲಿ ಅಚ್ಚಾಯಿತು.

ನೀವೇ ಮಾಡಲು ಹೊರಟರೆ ಇನ್ನೆರಡು ಮಾತು. ಕಂಪ್ಯೂಟರಿಗೆ ಸಂಖ್ಯೆಯ ಜೊತೆಗೆ ಒಳಹೋಗುವ ಬಾಗಿಲನ್ನೂ, ಅಂದರೆ ಪೋರ್ಟನ್ನೂ, ಹೇಳಬೇಕು. 9100ನೇ ಪೋರ್ಟ್ ಬಂದದ್ದನ್ನು ಹಾಗೆಯೇ ಪ್ರಿಂಟರಿಗೆ ಸುರಿಯುತ್ತದೆ. 515ರಲ್ಲಿ ಸಾಲಿನ ಹೆಸರನ್ನೂ ಕೊಡಬೇಕು, ಒಂದಕ್ಷರ ತಪ್ಪಿದರೂ ಕೆಲಸ ಒಳಗೆ ಹೋಗದು. 631 ಇವುಗಳಲ್ಲಿ ಜಾಣ. ಹಾಳೆ ಇದೆಯೇ, ಬಣ್ಣ ಬರುತ್ತದೆಯೇ ಎಂದು ಕೇಳಿ ತಿಳಿಯಬಲ್ಲದು. ಎಲ್ಲ ಸರಿಯಿದ್ದೂ ವಿಂಡೋಸ್ ‘ಆಫ್‌ಲೈನ್’ ಎಂದೇ ಹಟ ಹಿಡಿದರೆ, ಪೋರ್ಟಿನ ಸೆಟ್ಟಿಂಗಿನಲ್ಲಿ ಎಸ್‌ಎನ್‌ಎಂಪಿ ಎಂಬುದರ ಮುಂದಿನ ಟಿಕ್ ಗುರುತನ್ನು ತೆಗೆಯಿರಿ; ಪ್ರಿಂಟರಿನ ಸ್ಥಿತಿಯನ್ನು ವಿಚಾರಿಸುವ ಪದ್ಧತಿ ಅದು. ಕೆಲವು ಅಗ್ಗದ ಪೆಟ್ಟಿಗೆಗಳಿಗೆ ಆ ಪ್ರಶ್ನೆಗೆ ಉತ್ತರಿಸಲು ಬಾರದು.

ನೆಟ್‌ವರ್ಕಿಗೆ ಹಾಕಿದರೆ ಕನ್ನಡ ಹಾಳಾಗುತ್ತದೆ ಎಂಬ ಭಯ ರೈಟರಿಗಿತ್ತು. ಹಾಗೇನೂ ಇಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರದ ಹಿಂದೆ ಆರು ಯೂನಿಕೋಡ್ ಸಂಕೇತಗಳಿವೆ: ಸ, ವಿರಾಮ (ಅಕಾರವನ್ನು ತೆಗೆಯುವ ಚಿಹ್ನೆ), ತ, ವಿರಾಮ, ರ, ಈಕಾರ. ಇವನ್ನು ಒತ್ತಕ್ಷರವಾಗಿ ಕಟ್ಟುವ ಕೆಲಸ ಕಂಪ್ಯೂಟರಿನಲ್ಲೇ ಮುಗಿದಿರುತ್ತದೆ. ದೊಡ್ಡಪ್ಪನದು ಬುದ್ಧಿಯನ್ನು ಕಂಪ್ಯೂಟರಿಗೆ ಬಿಟ್ಟುಕೊಟ್ಟ ಅಗ್ಗದ ಪ್ರಿಂಟರ್. ಅದಕ್ಕೆ ತಲುಪುವುದು ಚುಕ್ಕೆಗಳು ಮಾತ್ರ, ಎ4 ಹಾಳೆಗೆ ಇಂಚಿಗೆ 600ರಂತೆ ಸುಮಾರು 3 ಕೋಟಿ 48 ಲಕ್ಷ. ಅವುಗಳಲ್ಲಿ ಕನ್ನಡ ಯಾವುದು, ಕಾಫಿಗಿಡದ ಚಿತ್ರ ಯಾವುದು ಎಂಬುದು ಪೆಟ್ಟಿಗೆಗೂ ಪ್ರಿಂಟರಿಗೂ ತಿಳಿಯದು.

ಪ್ರಿಂಟರ್ ಈಗ ವಾಯವ್ಯದ ಹಳೆಯ ಮೇಜಿನ ಮೇಲಿದೆ. ಆಗ್ನೇಯದ ಗೋಡೆ ಮಳೆಗಾಲದಲ್ಲಿ ಒಸರುತ್ತದೆ. ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿ ಹಾಳೆಗೆ ಅಂಟುವುದು ಸ್ಥಾಯೀ ವಿದ್ಯುತ್ತಿನ ಸೆಳೆತದಿಂದ. ತೇವ ಕುಡಿದ ಹಾಳೆಯಲ್ಲಿ ಆ ವಿದ್ಯುತ್ತು ಸೋರಿಹೋಗಿ ಅಕ್ಷರ ಮಸುಕಾಗುತ್ತದೆ. ಬಿಸಿ ಉರುಳೆಯ ಕೆಳಗೆ ಬಂದಾಗ ತೇವ ಹಬೆಯಾಗಿ ಹಾಳೆ ಸುರುಳಿ ಸುತ್ತಿ ಸಿಕ್ಕಿಕೊಳ್ಳುತ್ತದೆ. ದೊಡ್ಡಮ್ಮ ಹಾಳೆಯ ಕಟ್ಟನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಇಟ್ಟಿದ್ದಾರೆ. ಚೆಕ್‌ರೋಲಿಗೆ ಬೇಕಾದ ಹನ್ನೆರಡನ್ನು ರೈಟರ್ ಭಾನುವಾರ ಬೆಳಿಗ್ಗೆ ಎಣಿಸಿ ಹೊರಗೆ ತೆಗೆಯುತ್ತಾರೆ.