ಎರಡು ಕೊಪ್ಪಳ

ಗ್ರಂಥಾಲಯವೊಂದರ ಸದಸ್ಯರ ಪಟ್ಟಿ ಡೇಟಾಬೇಸಿನಲ್ಲಿದೆ ಎಂದುಕೊಳ್ಳಿ. ಯಾವ ಊರಿನವರು ಎಷ್ಟು ಮಂದಿ ಎಂದು ತಿಳಿಯಲು, ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಒಂದು ಸಾಲು ಸಾಕು:

ಸೆಲೆಕ್ಟ್ ಊರು, ಕೌಂಟ್(*) ಫ್ರಮ್ ಸದಸ್ಯರು ಗ್ರೂಪ್ ಬೈ ಊರು

ಉತ್ತರ ಬಂತು. ಅದರಲ್ಲಿ ಕೊಪ್ಪಳ ಎರಡು ಸಲ ಇದೆ: ಒಂದರ ಮುಂದೆ 31, ಇನ್ನೊಂದರ ಮುಂದೆ 4. ಅಕ್ಷರ ಅಕ್ಷರ ಹೋಲಿಸಿದರೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಗ್ರೂಪ್ ಬೈ ಎಂದರೆ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಊರೂರಿನ ಗೂಡಿಗೆ ಹಾಕುವ ಕೆಲಸ. ಡೇಟಾಬೇಸ್ ಗೂಡಿನಲ್ಲಿ ಸಾಲನ್ನು, ಅಂದರೆ ಒಬ್ಬ ಸದಸ್ಯರ ದಾಖಲೆಯನ್ನು, ಇಡುವುದಿಲ್ಲ, ಎಣಿಕೆಯನ್ನು ಒಂದೊಂದಾಗಿ ಏರಿಸುತ್ತದೆ. ಹೀಗಾಗಿ ಲಕ್ಷ ಸಾಲುಗಳಿದ್ದರೂ ಅದು ನೆನಪಿಟ್ಟುಕೊಳ್ಳಬೇಕಾದದ್ದು ಊರಿಗೊಂದು ಸಂಖ್ಯೆ ಮಾತ್ರ. ಸಾಲುಗಳನ್ನು ಊರಿನ ಅನುಕ್ರಮದಲ್ಲಿ ಜೋಡಿಸಿಕೊಂಡು ಎಣಿಸುವ ದಾರಿಯೂ ಉಂಟು.

ಒಂದೇ ಮೊಬೈಲ್ ಸಂಖ್ಯೆ ಎರಡು ಕಡೆ ನಮೂದಾಗಿದೆಯೇ ಎಂದು ಹುಡುಕಬೇಕಾದರೆ ಮೊಬೈಲ್ ಮೇಲೆ ಗ್ರೂಪ್ ಬೈ ಮಾಡಿ, ಕೊನೆಗೆ 'ಹ್ಯಾವಿಂಗ್ ಕೌಂಟ್(*) > 1' ಸೇರಿಸಬೇಕು. ಹ್ಯಾವಿಂಗ್ ಸೋಸುವುದು ಎಣಿಕೆ ಮುಗಿದ ಮೇಲೆ. ಹೊಸಬರು ಇಲ್ಲಿ ಸೋಸುವ ಇನ್ನೊಂದು ಪದವಾದ ವೇರ್ ಹಾಕಿ ಎಡವುತ್ತಾರೆ. ವೇರ್ ಸೋಸುವುದು ಗೂಡಿಗೆ ಹಾಕುವ ಮುಂಚೆ. ಆಗಿನ್ನೂ ಎಣಿಕೆಯೇ ಹುಟ್ಟಿರುವುದಿಲ್ಲ. ಸಂಖ್ಯೆ ಕೊಡದವರ ಜಾಗದಲ್ಲಿರುವ, 'ಮಾಹಿತಿ ಇಲ್ಲ' ಎಂಬ ಗುರುತಾದ ನಲ್‌ಗಳೆಲ್ಲ ಒಂದೇ ಗೂಡಿಗೆ ಬೀಳುತ್ತವೆ. ಅಂಥವರು 40 ಮಂದಿ ಇದ್ದರೆ ಕೌಂಟ್(*) 40 ಎನ್ನುತ್ತದೆ, ಕೌಂಟ್(ಮೊಬೈಲ್) ಸೊನ್ನೆ ಎನ್ನುತ್ತದೆ: ಮೊದಲನೆಯದು ಸಾಲುಗಳನ್ನು ಎಣಿಸುತ್ತದೆ, ಎರಡನೆಯದು ನಮೂದಾದ ಸಂಖ್ಯೆಗಳನ್ನು ಮಾತ್ರ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಈ ಮಾದರಿಯನ್ನು ಮುಂದಿಟ್ಟಾಗ ಕೋಷ್ಟಕವನ್ನು ಗಣಿತದ ಗಣವೆಂದೇ ಭಾವಿಸಿದ್ದರು. ಗಣದಲ್ಲಿ ಒಂದೇ ಸಾಲು ಎರಡು ಸಲ ಬರುವಂತಿಲ್ಲ. ಎಸ್‌ಕ್ಯೂಎಲ್ ಆ ಕಟ್ಟನ್ನು ಸಡಿಲಿಸಿತು.

ಈಗ ಕೊಪ್ಪಳ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಗುರುತಿಗೂ ಸಂಕೇತ ಕೊಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ 'ಕೊ' ಬರೆಯಲು ಎರಡು ದಾರಿಗಳಿವೆ. 'ಕ'ದ ಮುಂದೆ ಒಕಾರದ ಗುರುತನ್ನು ಒಂದೇ ಸಂಕೇತವಾಗಿ ಇಡಬಹುದು. ಎಕಾರ ಮತ್ತು ಊಕಾರದ ಗುರುತುಗಳನ್ನು ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ರೂಪ ಒಂದೇ. ಆದರೆ ಲೆಂಗ್ತ್(ಊರು) ಎಂದು ಸಂಕೇತಗಳ ಸಂಖ್ಯೆ ಕೇಳಿ ನೋಡಿ: ಒಂದು ಕೊಪ್ಪಳಕ್ಕೆ 6, ಇನ್ನೊಂದಕ್ಕೆ 7. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಸಾಮಾನ್ಯವಾಗಿ ಸಂಕೇತಗಳನ್ನೇ ಹೋಲಿಸುವುದರಿಂದ ಅದಕ್ಕೆ ಇವು ಎರಡು ಊರುಗಳು. ಕನ್ನಡದಲ್ಲಿ ಮಾಹಿತಿ ತುಂಬುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕೆಂಬುದು ನನ್ನ ಆಸೆ. ದಾಖಲೆಯಲ್ಲಿದ್ದೂ ಎಣಿಕೆಯಲ್ಲಿ ತಪ್ಪಿಹೋಗುವವರು ನಮ್ಮ ಜನ.

2020ರಲ್ಲಿ ಬಂದ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ 13ನೆಯ ಆವೃತ್ತಿಯಲ್ಲಿ, ಎರಡೂ ಬಗೆಯ ಬರಹವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಸೌಲಭ್ಯವಿದೆ. ಸೆಲೆಕ್ಟ್‌ನಲ್ಲೂ ಗ್ರೂಪ್ ಬೈನಲ್ಲೂ ನಾರ್ಮಲೈಸ್(ಊರು) ಎಂದು ಬರೆದರೆ ಒಂದೇ ಕೊಪ್ಪಳ ಬರುತ್ತದೆ, ಅದರ ಮುಂದೆ 35.