ಪಂಚಹೌದದ ಚಹಾ: ಒಂದು ಅಧ್ಯಯನ ಟಿಪ್ಪಣಿ

ಹತ್ತೊಂಬತ್ತನೆಯ ಶತಮಾನದ ಮಹಾರಾಷ್ಟ್ರವನ್ನು ಓದುವಾಗ ಪುಣೆಯ ನಾವು ಕನ್ನಡ ವಿದ್ಯಾರ್ಥಿಗಳು ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಸುಧಾರಕರು, ಬಲಕ್ಕೆ ಸಂಪ್ರದಾಯವಾದಿಗಳು ಎಂದು ಬರೆದುಕೊಳ್ಳುತ್ತೇವೆ. ಇಲ್ಲಿನ ಗುರುವಾರ ಪೇಠೆಯ ಪಂಚಹೌದ ಎಂಬ ಕ್ರೈಸ್ತ ಮಿಷನ್ನಿನ ಪ್ರಸಂಗವನ್ನು ಓದಿದ ಮೇಲೆ ನನ್ನ ಟಿಪ್ಪಣಿಯಲ್ಲಿನ ಆ ಗೆರೆಯನ್ನು ಅಳಿಸಬೇಕಾಯಿತು.

1890ರಲ್ಲಿ ಆ ಮಿಷನ್ನಿನ ಸಭೆಗೆ ಊರಿನ ಗಣ್ಯರು ಹೋಗಿದ್ದಾಗ ಅವರ ಮುಂದೆ ಚಹಾ, ಬಿಸ್ಕತ್ತು ಬಂದವು. ಹೋದವರ ಹೆಸರುಗಳನ್ನು ಗೋಪಾಳರಾವ್ ಜೋಶಿ ಬಯಲು ಮಾಡಿದರು. ಅಮೆರಿಕದಲ್ಲಿ ವೈದ್ಯ ಪದವಿ ಪಡೆದ ಆನಂದಿಬಾಯಿಯವರ ಪತಿ ಇವರೇ ಎಂಬುದು ಈ ಕಥೆಯ ವಿಚಿತ್ರ. ದೂರು ಶಂಕರಾಚಾರ್ಯರವರೆಗೆ ಹೋಗಿ, ವಿಚಾರಣೆ ನಡೆದು, ಪ್ರಾಯಶ್ಚಿತ್ತದ ಮಾತು ಬಂದಿತು. ಪಟ್ಟಿಯಲ್ಲಿ ನನ್ನ ಎಡಪುಟದ ಸುಧಾರಕರಾದ ನ್ಯಾಯಮೂರ್ತಿ ರಾನಡೆಯವರೂ ಇದ್ದರು, ಬಲಪುಟದ ಬಾಳ ಗಂಗಾಧರ ತಿಲಕರೂ ಇದ್ದರು. ಕಾಶಿಯಲ್ಲಿ ತಮ್ಮ ಪ್ರಾಯಶ್ಚಿತ್ತ ಆಗಿದೆ ಎಂದು ತಿಲಕರು ಹೇಳಿದರು. ರಾನಡೆಯವರು, ಅದರಲ್ಲಿ ಸ್ವತಃ ನಂಬಿಕೆಯಿಲ್ಲದಿದ್ದರೂ, ಸ್ನೇಹಿತರ ಸಂಕಟವನ್ನು ನೋಡಿ 1892ರಲ್ಲಿ ಅದನ್ನು ಮಾಡಿಸಿಕೊಂಡರು; ಸುಧಾರಕರೇ ಅವರನ್ನು ಹಳಿದರು.

ಇದನ್ನು ಬರಿಯ ಹೇಡಿತನವೆಂದು ತಳ್ಳಿಹಾಕುವುದು ಅವಸರದ ತೀರ್ಪು ಎಂದು ನನ್ನ ಅನಿಸಿಕೆ. ಪ್ರಾಯಶ್ಚಿತ್ತವು ತಪ್ಪಿಗೆ ಶಿಕ್ಷೆಯಾಗಿರುವಂತೆಯೇ ಹೊರಗೆ ಹೋದವನು ಮರಳಿ ಒಳಗೆ ಬರುವ ಬಾಗಿಲೂ ಆಗಿತ್ತು. ಧಾರವಾಡದಿಂದ ಬಂದು ಸದಾಶಿವ ಪೇಠೆಯಲ್ಲಿ ನೆಲೆಸಿದ ನಮ್ಮ ಅಜ್ಜಿ ಮಡಿ ಸೀರೆಯನ್ನು ಗಳುವಿನ ಮೇಲೆ ಕೋಲಿನಿಂದಲೇ ಹರವುತ್ತಿದ್ದವರು. ಆದರೆ ಬೆಳಿಗ್ಗೆ ಸ್ನಾನಕ್ಕೆ ಮೊದಲೇ ಬಸಿಯಲ್ಲಿ ಚಹಾ ಸುರಿದು ಕುಡಿಯುತ್ತಿದ್ದರು. ಕೇಳಿದರೆ, “ಚಹಾಕ್ಕ ಎಲ್ಲೀ ಮಡೀನೋ ತಮ್ಮಾ, ಅದೇನು ನಮ್ಮ ಶಾಸ್ತ್ರದಾಗ ಇತ್ತೇನು?” ಎನ್ನುತ್ತಿದ್ದರು. ಶಾಸ್ತ್ರದಲ್ಲಿ ಹೆಸರೇ ಇಲ್ಲದ ಪದಾರ್ಥಕ್ಕೆ ನಿಷೇಧವೂ ಇಲ್ಲವೆಂಬ ಈ ತರ್ಕಕ್ಕೆ ಪಂಚಹೌದದ ವಿಚಾರಣೆಯಲ್ಲಿ ಬೆಲೆ ಸಿಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ಚಹಾಕ್ಕಿಂತ ಅದನ್ನು ಕೊಟ್ಟವರ ಕೈ ಮುಖ್ಯವಾಗಿತ್ತು.

ದೈಹಿಕ ಸಂಬಂಧಕ್ಕೆ ಹುಡುಗಿಯರ ಸಮ್ಮತಿ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ 1891ರ ಕಾಯಿದೆಯನ್ನೂ ಹೀಗೆಯೇ ಓದಬೇಕು. ತಿಲಕರು ಅದನ್ನು ವಿರೋಧಿಸಿದರು ಎಂಬಷ್ಟಕ್ಕೆ ನಮ್ಮ ಗೈಡುಗಳು ನಿಲ್ಲುತ್ತವೆ. ಆದರೆ ಹೆಣ್ಣುಮಕ್ಕಳ ಮದುವೆಯನ್ನು 16ಕ್ಕೆ ಮೊದಲು ಮಾಡುವುದಿಲ್ಲವೆಂದು ಸುಧಾರಕರು ಸ್ವತಃ ಪ್ರತಿಜ್ಞೆ ಮಾಡಲಿ ಎಂಬ ಸೂಚನೆಯನ್ನು ಅದಕ್ಕೆ ಮೊದಲು ತಿಲಕರೇ ಮುಂದಿಟ್ಟಿದ್ದರು. ಪರಕೀಯ ಸರಕಾರವು ಕಾಯಿದೆಯಿಂದ ಮನೆಯೊಳಗೆ ಕೈ ಹಾಕುವುದು ಅವರ ಮುಖ್ಯ ತಕರಾರು. (ಆ ತಕರಾರಿನ ಬೆಲೆಯನ್ನು ತೆತ್ತವರು ಹುಡುಗಿಯರು ಎಂಬುದನ್ನೂ ಉತ್ತರದಲ್ಲಿ ಬರೆಯಬೇಕು.) ಇತ್ತ ವಿಧವಾ ವಿವಾಹದ ಪ್ರತಿಪಾದಕರಾದ ರಾನಡೆಯವರು, ಮೊದಲ ಪತ್ನಿ ತೀರಿಕೊಂಡ ಮೇಲೆ, 1873ರಲ್ಲಿ ತಂದೆಯ ಮಾತಿಗೆ ಕಟ್ಟುಬಿದ್ದು 11 ವರ್ಷದ ರಮಾಬಾಯಿಯವರನ್ನು ಮದುವೆಯಾದರು. ಮನೆಯ ಹೆಂಗಸರ ಅಸಮಾಧಾನದ ನಡುವೆಯೇ ಪತ್ನಿಗೆ ಅಕ್ಷರ ಕಲಿಸಿದರು. ಮುಂದೆ ಪುಣೆಯ ಸೇವಾಸದನವೆಂಬ ಮಹಿಳಾ ಸಂಸ್ಥೆಯನ್ನು ಮುನ್ನಡೆಸಿದವರು ಇದೇ ರಮಾಬಾಯಿ.

ಪ್ರಾಯಶ್ಚಿತ್ತದ ಈ ಬಾಗಿಲನ್ನು ಬಳಸದವರು ಧೋಂಡೋ ಕೇಶವ ಕರ್ವೆ. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1893ರಲ್ಲಿ ವಿಧವೆಯನ್ನೇ ಮದುವೆಯಾಗಿ ತಮ್ಮ ಊರಾದ ಮುರುಡಕ್ಕೆ ಹೋದಾಗ ಊರು ಬಹಿಷ್ಕಾರ ಹಾಕಿತು. ಚಹಾ ಕುಡಿದದ್ದನ್ನು ಪ್ರಾಯಶ್ಚಿತ್ತದಿಂದ ತೊಳೆದುಕೊಳ್ಳಬಹುದಿತ್ತು. ಹೆಂಡತಿಯನ್ನು ಬಿಡದೆ ಆ ಮದುವೆಯನ್ನು ತೊಳೆದುಕೊಳ್ಳುವ ವಿಧಿ ಊರಿನವರ ಬಳಿ ಇರಲಿಲ್ಲ.